ಆಕಳ ಉಂಡೆ ನಾಯಿಗಲ್ಲ

ಸವಣೂರಿನ ಎಲೆ ಎಂದರೆ ನಮ್ಮ ಭಾಗದಲ್ಲಿ ಬೇರೆ ಮಾತು ಬೇಕಿಲ್ಲ. ಮದುವೆಯ ತಾಂಬೂಲಕ್ಕೂ ಊಟವಾದ ಮೇಲಿನ ಹರಟೆಗೂ ಅದೇ ಎಲೆ. ಆದರೆ 2022ರ ಮಳೆಗಾಲ ಮುಗಿಯುವ ಹೊತ್ತಿಗೆ ಆ ಎಲೆಯನ್ನು ಜನ ತಾವು ಜಗಿಯಲು ಕೊಳ್ಳದೆ ಆಕಳ ಬಾಯಿಗೆ ಇಡಲು ಕಟ್ಟುಗಟ್ಟಲೆ ಒಯ್ದರು. ದನಗಳ ಮೈಮೇಲೆ ಅಡಿಕೆ ಗಾತ್ರದ ಗಂಟುಗಳೆದ್ದು, ಒಡೆದು, ಕೀವು ಸೋರುತ್ತಿದ್ದ ದಿನಗಳವು. ಚರ್ಮಗಂಟು ರೋಗ ಹಾವೇರಿ ಜಿಲ್ಲೆಯ ಕೊಟ್ಟಿಗೆಗಳನ್ನು ಹೊಕ್ಕಿತ್ತು. ದನದ ಸಂತೆಗಳು ನಿಂತಿದ್ದವು. ಪಶುವೈದ್ಯರು ಊರಿಂದೂರಿಗೆ ಲಸಿಕೆ ಹಿಡಿದು ಓಡಾಡುತ್ತಿದ್ದರು.

ಆಗ ಮೊಬೈಲಿನಿಂದ ಮೊಬೈಲಿಗೆ ಒಂದು ಮನೆಮದ್ದು ಹರಿದಾಡಿತು. ಹತ್ತು ವೀಳ್ಯದೆಲೆ, 10 ಗ್ರಾಂ ಕರಿಮೆಣಸು, 10 ಗ್ರಾಂ ಉಪ್ಪು. ಅರೆದು, ಬೆಲ್ಲ ಬೆರೆಸಿ, ಮೊದಲ ದಿನ ಮೂರು ತಾಸಿಗೊಂದು ಸಲ, ಎರಡನೇ ದಿನದಿಂದ ಎರಡು ವಾರ ದಿನಕ್ಕೆ ಮೂರು ಸಲ ತಿನ್ನಿಸಬೇಕು. ಇದು ಯಾರೋ ಕಟ್ಟಿದ ಗಾಳಿಮಾತಲ್ಲ. ತಂಜಾವೂರಿನ ಪಶುವೈದ್ಯ ವಿಜ್ಞಾನಿ ಎನ್. ಪುಣ್ಯಮೂರ್ತಿ ಹತ್ತಾರು ವರ್ಷ ಹಳ್ಳಿಗಳನ್ನು ಸುತ್ತಿ ಪಾರಂಪರಿಕ ಪಶುವೈದ್ಯದ ಮದ್ದುಗಳನ್ನು ಕಲೆಹಾಕಿದವರು. ಬೆಂಗಳೂರಿನ ಯಲಹಂಕದ ಬಳಿ ಇರುವ ಟಿಡಿಯು ವಿಶ್ವವಿದ್ಯಾಲಯ ಈ ಕೆಲಸದಲ್ಲಿ ಕೈಜೋಡಿಸಿತು, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಅದನ್ನು ಹಾಲು ಉತ್ಪಾದಕರಿಗೆ ಮುಟ್ಟಿಸಿತು. ಎಲೆಯ ಉಂಡೆಯ ಜೊತೆಗೆ ಇನ್ನೊಂದು ದೊಡ್ಡ ಪಟ್ಟಿಯೂ ಇತ್ತು. ಬೆಳ್ಳುಳ್ಳಿ, ಸಣ್ಣ ಉಳ್ಳಾಗಡ್ಡಿ, ಕೊತ್ತಂಬರಿ, ಜೀರಿಗೆ, ಅರಿಸಿನ, ತುಳಸಿ, ಬೇವು, ಬಿಲ್ವಪತ್ರೆ, ಬೆಲ್ಲ ಎಲ್ಲ ಸೇರಿದ್ದು. ಮೈಮೇಲಿನ ಗಾಯಕ್ಕೆ ಕುಪ್ಪಿಗಿಡ, ಬೇವು, ತುಳಸಿ, ಮದರಂಗಿ ಸೊಪ್ಪುಗಳನ್ನು ಬೆಳ್ಳುಳ್ಳಿ, ಅರಿಸಿನದ ಜೊತೆ ಅರೆದು ಅರ್ಧ ಲೀಟರ್ ಕೊಬ್ಬರಿ ಎಣ್ಣೆಯಲ್ಲೋ ಎಳ್ಳೆಣ್ಣೆಯಲ್ಲೋ ಕುದಿಸಿದ ಎಣ್ಣೆ.

ಇದು ರೋಗದ ವೈರಸ್ಸನ್ನು ಕೊಲ್ಲುವ ಮದ್ದು ಎಂದು ನಾನು ಹೇಳುವುದಿಲ್ಲ. ಚರ್ಮಗಂಟು ಸಿಡುಬಿನ ಜಾತಿಯ ವೈರಸ್ಸಿನಿಂದ ಬರುತ್ತದೆ, ಸೊಳ್ಳೆ, ಕಚ್ಚುವ ನೊಣ, ಉಣ್ಣಿಗಳಿಂದ ಹರಡುತ್ತದೆ, ತಡೆಯಲು ಲಸಿಕೆಯೇ ಬೇಕು. ಆದರೆ ಗಂಟಲು ನೋವಿಗೆ ಮೇವು ಬಿಟ್ಟ ಆಕಳು ನಾಲ್ಕು ತುತ್ತು ತಿನ್ನುವಂತಾಗಲು, ಒಡೆದ ಗಾಯಕ್ಕೆ ನೊಣ ಕೂಡದಿರಲು ಈ ಮದ್ದುಗಳು ನೆರವಾದದ್ದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಬಹಳ ಮಂದಿ. ನಾನೂ ಅವರಲ್ಲಿ ಒಬ್ಬ.

ಹಾಗಾಗಿಯೇ ಮುಂದಿನ ಘಟನೆಯನ್ನು ಬರೆಯಲೇಬೇಕು. ನಮ್ಮ ಓಣಿಯ ರೈತರೊಬ್ಬರ ಆಕಳು ಗುಣವಾಯಿತು. ವಾರ ಕಳೆದ ಮೇಲೆ ಅವರು ಗಾಬರಿಯಲ್ಲಿ ಬಂದರು. "ಅಣ್ಣಾರ, ನಾಯಿ ಎದ್ದು ನಿಂದರವಲ್ದು. ಉಚ್ಚಿ ನೋಡಿದ್ರ ಕರೇ ಚಹಾದಂಗ ಆಗೇತಿ." ಏನು ತಿನ್ನಿಸಿದ್ದಿರಿ ಎಂದೆ. "ಬ್ಯಾರೇ ಏನಿಲ್ರಿ. ಮೈಯಾನ ಕೂದ್ಲ ಉದರಾಕತ್ತಿದ್ವು. ಆಕಳಿಗಿ ಮಾಡಿದ್ದ ಉಂಡೀನ ಇದಕ್ಕೂ ಮಾಡಿ ಹಾಕೀನಿ. ಲಗೂನ ಗುಣಾ ಆಗ್ಲಿ ಅಂತ ಬೆಳ್ಳುಳ್ಳಿ, ಉಳ್ಳಾಗಡ್ಡಿ ಒಂದೀಟು ಜಾಸ್ತಿ ಹಾಕಿದ್ದೆ." ನಾಯಿಯ ತುಟಿ ಎತ್ತಿ ನೋಡಿದರೆ ವಸಡು ಸುಣ್ಣದಂತೆ ಬಿಳಿಚಿತ್ತು. ಪಶು ಆಸ್ಪತ್ರೆಗೆ ಒಯ್ದದ್ದಕ್ಕೆ ಜೀವ ಉಳಿಯಿತು, ಅಷ್ಟೇ.

ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಯಿಯ ಒಂದು ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ಏರುಪೇರು ಕಾಣುತ್ತದೆ. ಬೆಕ್ಕಿಗೆ ಕಿಲೋಕ್ಕೆ 5 ಗ್ರಾಂ ಸಾಕು. ಬೆಳ್ಳುಳ್ಳಿ ಈರುಳ್ಳಿಗಿಂತಲೂ ಖಾರ, ಅಂದರೆ ಇನ್ನೂ ಕಡಿಮೆ ಪ್ರಮಾಣದಲ್ಲಿ ಕೆಡುಕು ಮಾಡುತ್ತದೆ. ಬೇಯಿಸಿದರೂ ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗದು. ದಿನವೂ ಸ್ವಲ್ಪ ಸ್ವಲ್ಪ ಕೊಟ್ಟರೂ ಕೂಡುತ್ತಾ ಹೋಗುತ್ತದೆ. ತಿಂದ ದಿನ ನಾಯಿ ಚೆನ್ನಾಗಿಯೇ ಇರುತ್ತದೆ, ಲಕ್ಷಣ ಹೊರಬರಲು ಕೆಲವು ದಿನ ಬೇಕು. ಅಷ್ಟರಲ್ಲಿ ಮನೆಯವರಿಗೆ ಏನು ತಿನ್ನಿಸಿದ್ದೆವು ಎಂಬುದೇ ಮರೆತಿರುತ್ತದೆ.

ದನಕ್ಕೂ ಇದೇ ವಿಷ ತಗಲುತ್ತದೆ ಎಂಬುದನ್ನು ನಮ್ಮವರು ನೆನಪಿಡಬೇಕು. ಉಳ್ಳಾಗಡ್ಡಿ ದರ ಬಿದ್ದ ವರ್ಷ ಕೊಳೆತ ಗಡ್ಡೆಯನ್ನು ಬುಟ್ಟಿಗಟ್ಟಲೆ ಆಕಳ ಮುಂದೆ ಸುರಿದರೆ ಅದೂ ರಕ್ತ ಕಳೆದುಕೊಳ್ಳುತ್ತದೆ. ಮದ್ದಿನ ಉಂಡೆಯಲ್ಲಿರುವುದು ಎರಡು ಸಣ್ಣ ಗಡ್ಡೆ, ಅದೂ ಮೂರು ನೂರು ಕಿಲೋ ಮೈಗೆ. ಹದಿನೈದು ಕಿಲೋ ನಾಯಿಯ ಲೆಕ್ಕ ಬೇರೆ. ಗಿಡಮೂಲಿಕೆಗೆ ಔಷಧದ ಬಲವಿದೆ ಎಂದು ನಂಬುವವನು ನಾನು. ಬಲವಿದೆ ಎಂದ ಮೇಲೆ ಅಳತೆಯೂ ಇದೆ, ಯಾವ ಪ್ರಾಣಿಗೆ ಎಂಬ ಪ್ರಶ್ನೆಯೂ ಇದೆ. "ನ್ಯಾಚುರಲ್, ಏನೂ ಆಗಲ್ಲ" ಎಂಬ ಮಾತು ಗಿಡಮೂಲಿಕೆಗೇ ಮಾಡುವ ಅವಮಾನ. ಏನೂ ಆಗದ್ದು ಮದ್ದೂ ಆಗದು.

ಈ ವಿವೇಕ ನಮಗೆ ಹೊಸದಲ್ಲ. ಸುಮಾರು 900 ವರ್ಷದ ಹಿಂದೆ ಕಲ್ಯಾಣದ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ಅದರಲ್ಲಿ ಮದ್ದಿನ ಜೊತೆ ಮಂತ್ರವೂ ಬೆರೆತಿದೆ, ಕಾಲದ ರೀತಿ ಅದು. ಅದೇ ಮನೆತನದ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ನಾಯಿಗಳಿಗೆಂದೇ ಪ್ರತ್ಯೇಕ ಭಾಗವಿದೆ. ನಮ್ಮ ಜಿಲ್ಲೆಯ ಹಾನಗಲ್ಲು ಆಗ ಪಾನುಂಗಲ್ಲು ಐನೂರು ಎಂಬ ನಾಡಾಗಿ ಆ ಅರಸರ ಆಳ್ವಿಕೆಯಲ್ಲಿತ್ತು. ಗೋವಿಗೆ ಒಂದು ಗ್ರಂಥ, ನಾಯಿಗೆ ಬೇರೊಂದು ಅಧ್ಯಾಯ. ಎರಡನ್ನೂ ಒಂದೇ ಒರಳಿಗೆ ಹಾಕಿ ಅರೆಯಲಿಲ್ಲ.

ಆ ನಾಯಿಗೆ ಉಂಡೆ ಹಾಕಿದ್ದು ಕೂದಲು ಉದುರುತ್ತಿದ್ದುದಕ್ಕೆ, ಹಾಗಾಗಿ ಇನ್ನು ಮೈಯ ಹೊಳಪಿನ ವಿಷಯ. ನಮ್ಮ ಭಾಗದಲ್ಲಿ ಇದಕ್ಕಿಂತ ಪ್ರೀತಿಯ ವಿಷಯ ಇನ್ನೊಂದಿಲ್ಲ. ದೀಪಾವಳಿಯ ಬಲಿಪಾಡ್ಯಮಿಯಿಂದ ಶುರುವಾಗುವ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ, ಬಲೂನು, ಜೂಲು ಹೊತ್ತು ಓಡುವ ಹೋರಿಯ ಹೆಸರನ್ನು ಮಕ್ಕಳು ಬಾಯಿಪಾಠ ಹೇಳುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. 139 ಎಕರೆಯ ಆ ಜಾಗ ಇಂದು ನವಿಲುಧಾಮವೆಂದೇ ಹೆಸರಾಗಿದೆ, ಆದರೆ ಅಲ್ಲಿ ನಿಂತ ಬಿಳಿ ಖಿಲಾರಿಗಳ ಮೈಯನ್ನೂ ಒಮ್ಮೆ ಹೋಗಿ ನೋಡಬೇಕು. ಹಾಲಿನಲ್ಲಿ ಅದ್ದಿ ತೆಗೆದಂತೆ ಇರುತ್ತದೆ.

ಆ ಹೊಳಪು ಎಲ್ಲಿಂದ ಬರುತ್ತದೆ? ಹೋರಿ ಸಾಕುವ ಹಿರಿಯರನ್ನು ಕೇಳಿದರೆ ಅವರು ತೋರಿಸುವುದು ಯಾವುದೇ ಡಬ್ಬಿಯನ್ನಲ್ಲ, ದನ ಮೇಯುವ ಗ್ವಾದಲಿಯನ್ನು. ನೆನೆಸಿದ ಹುರಳಿ, ಹತ್ತಿಕಾಳು, ಶೇಂಗಾ ಹಿಂಡಿ, ಅಗಸಿ ಹಿಂಡಿ. ವಿಜ್ಞಾನ ಇದಕ್ಕೆ ಕೊಡುವ ವಿವರಣೆ ಸರಳ. ಕೂದಲು ಹೆಚ್ಚೂಕಡಿಮೆ ಪೂರ್ತಿ ಪ್ರೋಟೀನು. ಅದರ ಮೇಲಿನ ನುಣುಪು ಚರ್ಮದ ಗ್ರಂಥಿಗಳು ಸ್ರವಿಸುವ ಜಿಡ್ಡು. ಕಾಳು ಪ್ರೋಟೀನು ಕೊಡುತ್ತದೆ, ಹಿಂಡಿ ಮತ್ತು ಹತ್ತಿಕಾಳು ಪ್ರೋಟೀನಿನ ಜೊತೆ ಎಣ್ಣೆಯನ್ನೂ ಕೊಡುತ್ತವೆ. ಮುಂಜಾನೆ ಎದ್ದು ಮೈ ತಿಕ್ಕುವುದರಿಂದ ಸತ್ತ ಕೂದಲು ಉದುರಿ ಆ ಜಿಡ್ಡು ಮೈತುಂಬ ಹರಡುತ್ತದೆ.

ಕೊರತೆಯೂ ಕೂದಲಲ್ಲೇ ಬರೆದಿರುತ್ತದೆ. ಕರಿ ಹೋರಿಯ ಮೈ ತುಕ್ಕು ಹಿಡಿದಂತೆ ಕೆಂಪಾಗುತ್ತಿದ್ದರೆ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬೆಳ್ಳಗಾಗಿದ್ದರೆ ಅದು ಬಿಸಿಲಿನದ್ದೇ ತಪ್ಪಲ್ಲ, ತಾಮ್ರದ ಅಂಶ ಕಡಿಮೆಯಾಗಿರಬಹುದು. ಹಾನಗಲ್ಲಿನ ಭತ್ತದ ಹುಲ್ಲಾಗಲಿ, ಹಿರೇಕೆರೂರಿನ ಗೋವಿನಜೋಳದ ದಂಟಾಗಲಿ ಒಂಟಿಯಾಗಿ ದನವನ್ನು ಸಾಕಲಾರವು. ಮೊದಲು ಹತ್ತಿ, ಜೋಳ, ಕಾಳು ಎಲ್ಲ ಇದ್ದ ಹೊಲಗಳಲ್ಲಿ ಈಗ ಎತ್ತ ನೋಡಿದರೂ ಗೋವಿನಜೋಳ. ಬದುವಿನ ಹುಲ್ಲಿನಲ್ಲಿ ಹತ್ತು ಬಗೆ ಇರುತ್ತಿತ್ತು, ಕಳೆನಾಶಕ ಬಂದ ಮೇಲೆ ಅದೂ ಹೋಯಿತು. ದನದ ಗಿಡಮೂಲಿಕೆ ಎಂದರೆ ನಿಜವಾಗಿ ಆ ಬದುವೇ ಆಗಿತ್ತು. ಈಗ ದಿನಕ್ಕೊಂದು ಹಿಡಿ ಖನಿಜ ಮಿಶ್ರಣ ಆ ಜಾಗ ತುಂಬಬೇಕಾಗಿದೆ.

ಹತ್ತಿಕಾಳಿನ ಬಗ್ಗೆ ಒಂದು ಎಚ್ಚರ. ಅದರಲ್ಲಿ ಗಾಸಿಪಾಲ್ ಎಂಬ ವಿಷವಿದೆ. ಬೆಳೆದ ದನದ ಹೊಟ್ಟೆಯ ಮೊದಲ ಚೀಲದಲ್ಲಿ ಅದು ಪ್ರೋಟೀನಿಗೆ ಅಂಟಿ ನಿರುಪದ್ರವಿಯಾಗುತ್ತದೆ. ಮೆಲುಕು ಹಾಕಲು ಕಲಿಯದ ಕರುವಿಗೆ ಆ ಶಕ್ತಿ ಇಲ್ಲ. ನಾಯಿಗಂತೂ ಎಂದಿಗೂ ಇಲ್ಲ. ಅಗಸಿ ಹಿಂಡಿಯನ್ನು ಬೆಚ್ಚಗಿನ ನೀರಲ್ಲಿ ಬಹಳ ಹೊತ್ತು ನೆನೆಯಿಟ್ಟರೆ ಸಯನೈಡ್ ಹೊರಬರುವ ಸಂಭವವಿದೆ, ಚೆನ್ನಾಗಿ ಕುದಿಸಿದರೆ ಆ ಭಯವಿಲ್ಲ. ಹಿಂದಿನ ಹೆಂಗಸರು ಕರುವಿಗೆ ಅಗಸಿ ಗಂಜಿಯನ್ನು ಕುದಿಸಿಯೇ ಕೊಡುತ್ತಿದ್ದರು. ಯಾಕೆಂದು ಅವರು ಹೇಳದಿರಬಹುದು, ಮಾಡುವ ರೀತಿಯಲ್ಲಿ ಉತ್ತರವಿತ್ತು.

ನಾಯಿಗೆ ಬರೋಣ. ನಮ್ಮ ಊರುಗಳ ನಾಯಿಯ ಊಟವೆಂದರೆ ನಿನ್ನೆಯ ರೊಟ್ಟಿ, ಉಳಿದ ಅನ್ನ, ಸ್ವಲ್ಪ ಮಜ್ಜಿಗೆ. ನಾಯಿ ತಿನ್ನುವ ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗ ಚರ್ಮ, ಕೂದಲಿಗೇ ಖರ್ಚಾಗುತ್ತದೆ. ರೊಟ್ಟಿಯಲ್ಲಿ ಅಷ್ಟು ಪ್ರೋಟೀನು ಎಲ್ಲಿಂದ ಬರಬೇಕು? ಮೇಲಾಗಿ ಬರೀ ಕಾಳುಕಡ್ಡಿಯ ಊಟದಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಹಿಡಿದಿಟ್ಟುಕೊಂಡು ಮೈಗೆ ಸಿಗದಂತೆ ಮಾಡುತ್ತದೆ. ಕಣ್ಣಿನ ಸುತ್ತ, ಮೂತಿಯ ಮೇಲೆ ಹಕ್ಕಳೆ ಕಟ್ಟಿದ ಎಷ್ಟೋ ನಾಯಿಗಳಿಗೆ ಬೇಕಿರುವುದು ಸೊಪ್ಪಿನ ರಸವಲ್ಲ, ಊಟದ ಬದಲಾವಣೆ.

ಆ ಬದಲಾವಣೆ ದುಬಾರಿಯೇನಲ್ಲ. ದಿನಕ್ಕೊಂದು ಬೇಯಿಸಿದ ಮೊಟ್ಟೆ. ಬೇಯಿಸಿದ್ದು ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಮೈ ಮಿಂಚಲಿ ಎಂದು ಹಸಿ ಮೊಟ್ಟೆ ಒಡೆದು ಹಾಕುವವರು ನಮ್ಮಲ್ಲಿ ಬಹಳ. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಎಂಬ ಜೀವಸತ್ವವನ್ನು ಕಟ್ಟಿಹಾಕುತ್ತದೆ. ಬಯೋಟಿನ್ ಕಡಿಮೆಯಾದರೆ ಕೂದಲೇ ಉದುರುತ್ತದೆ! ಮಾಂಸಾಹಾರದ ಮನೆಯಾದರೆ ಉಪ್ಪು, ಮಸಾಲೆ, ಉಳ್ಳಾಗಡ್ಡಿ ಬೀಳುವ ಮುಂಚೆ ತೆಗೆದಿಟ್ಟ ನಾಲ್ಕು ತುಂಡು. ಹಾನಗಲ್ಲಿನ ಕೆರೆಗಳ ಸಣ್ಣ ಮೀನನ್ನು ಬೇಯಿಸಿ ಮುಳ್ಳು ತೆಗೆದು ಕೊಟ್ಟರೆ ಇನ್ನೂ ಒಳ್ಳೆಯದು.

ಎಣ್ಣೆಯಲ್ಲಿ ನನ್ನ ಮತ ಕುಸುಬಿಗೆ. ಚರ್ಮದಿಂದ ನೀರು ಆರದಂತೆ ಕಾಯುವ ಗೋಡೆಗೆ ಲಿನೋಲಿಯಿಕ್ ಆಮ್ಲ ಬೇಕು, ನಾಯಿಯ ಮೈ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಕುಸುಬಿ ಎಣ್ಣೆಯಲ್ಲಿ ಅದು ನೂರಕ್ಕೆ ಸುಮಾರು 75 ಭಾಗ, ಶೇಂಗಾ ಎಣ್ಣೆಯಲ್ಲಿ ಸುಮಾರು 30, ಎಲ್ಲರೂ ಹೊಗಳುವ ಕೊಬ್ಬರಿ ಎಣ್ಣೆಯಲ್ಲಿ ಎರಡರ ಆಸುಪಾಸು. ಕೊಬ್ಬರಿ ಎಣ್ಣೆ ಹೊರಗೆ ಹಚ್ಚಿದರೆ ಹೊಳೆಯುತ್ತದೆ, ಒಳಗಿನ ಕೊರತೆ ತುಂಬುವುದಿಲ್ಲ. ಮಧ್ಯಮ ಗಾತ್ರದ ನಾಯಿಗೆ ದಿನಕ್ಕೆ ಅರ್ಧ ಚಹಾ ಚಮಚದಿಂದ ಶುರು ಮಾಡಿ. ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ. ಅಗಸಿಯೂ ಉಪಯುಕ್ತವೇ, ಅದರ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಒಮೆಗಾ-3 ಇದೆ. ಆದರೆ ಮೀನಿನಲ್ಲಿರುವ ರೂಪಕ್ಕೆ ಅದನ್ನು ಬದಲಿಸಿಕೊಳ್ಳುವ ಶಕ್ತಿ ನಾಯಿಗೆ ಕಡಿಮೆ, ಬೆಕ್ಕಿಗೆ ಇಲ್ಲವೆನ್ನುವಷ್ಟು ಕಡಿಮೆ. ಏನೇ ಕೊಟ್ಟರೂ ಆರರಿಂದ ಎಂಟು ವಾರ ಕಾಯಬೇಕು. ಹೊಸ ಕೂದಲು ಹುಟ್ಟಿ ಮೇಲೆ ಬಂದಾಗಲೇ ಫಲ ಕಾಣುವುದು. ಒಂದೇ ವಾರದಲ್ಲಿ ಮಿಂಚುತ್ತದೆ ಎಂದು ಬರೆದ ಪೊಟ್ಟಣ ಸುಳ್ಳು ಹೇಳುತ್ತಿದೆ.

ಹೊರಗೆ ಹಚ್ಚುವ ಮದ್ದಿನಲ್ಲಿ ಬೇವಿನೆಣ್ಣೆಗೂ ನಮ್ಮ ಕಡೆ ಹುಲಗಲ ಎನ್ನುವ ಹೊಂಗೆಯ ಎಣ್ಣೆಗೂ ದೊಡ್ಡ ಸ್ಥಾನವಿದೆ. ದನದ ಮೈಗೆ ನೊಣ, ಉಣ್ಣಿ ಮುತ್ತದಂತೆ ಇವು ಕಾಯುತ್ತವೆ. ಗಾಯದಲ್ಲಿ ಹುಳ ಬಿದ್ದರೆ ಸೀತಾಫಲದ ಎಲೆ ಅರೆದು ಹಚ್ಚುವುದು ಟಿಡಿಯು ಪಟ್ಟಿಯಲ್ಲೂ ಇದೆ. ಅದೇ ಸೀತಾಫಲದ ಬೀಜದ ಪುಡಿ ಕಣ್ಣಿಗೆ ಸಿಡಿದರೆ ಕಣ್ಣಿನ ಪಾರದರ್ಶಕ ಪೊರೆ ಸುಟ್ಟ ಹಾಗಾಗುತ್ತದೆ, ಹಚ್ಚುವವರಿಗೂ ಪ್ರಾಣಿಗೂ. ನಾಯಿಗೆ ಬೇವಿನೆಣ್ಣೆಯನ್ನು ಬೇರೆ ಎಣ್ಣೆಯಲ್ಲಿ ತೆಳುಮಾಡಿ, ಮೊದಲು ಬೊಟ್ಟಿನಷ್ಟು ಜಾಗಕ್ಕೆ ಹಚ್ಚಿ ಒಂದು ದಿನ ನೋಡಬೇಕು, ನೆಕ್ಕದಂತೆ ಕಾಯಬೇಕು.

ಬೆಕ್ಕಿಗೆ ಇದಾವುದೂ ಬೇಡ. ಬೆಕ್ಕು ಮೈಮೇಲೆ ಬಿದ್ದದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ಗಿಡದ ಎಣ್ಣೆಗಳ ಎಷ್ಟೋ ಅಂಶಗಳನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಅದರ ಪಿತ್ತಜನಕಾಂಗದಲ್ಲಿ ದುರ್ಬಲ. ಕರ್ಪೂರದ ಎಣ್ಣೆ, ನೀಲಗಿರಿ ಎಣ್ಣೆ ಅದಕ್ಕೆ ವಿಷ. ನಾಯಿಯ ಉಣ್ಣಿಗೆಂದು ತಂದ ಪರ್ಮೆಥ್ರಿನ್ ಪುಡಿಯನ್ನು ಬೆಕ್ಕಿಗೆ ಉದುರಿಸಿದರೆ ಅದು ನಡುಗಿ ಸಾಯಬಹುದು. ಬೆಕ್ಕಿನ ಹೊಳಪಿಗೆ ಮಾಂಸ, ಮೀನು, ಮೊಟ್ಟೆ. ಸೊಪ್ಪಿನಿಂದ ಅದರ ಚರ್ಮ ಬದುಕುವುದಿಲ್ಲ.

ಎಲ್ಲಕ್ಕಿಂತ ನೋವು ಕೊಡುವ ನೋಟವೊಂದಿದೆ. ಕಜ್ಜಿ ಹತ್ತಿದ ಬೀದಿನಾಯಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಸುರಿಯುವುದು. ಸುರಿಯುವವರು ಕೆಟ್ಟವರಲ್ಲ, ಮರುಕದಿಂದಲೇ ಸುರಿಯುತ್ತಾರೆ. ಆದರೆ ನಾಯಿ ನೆಕ್ಕಿದರೆ ಅದು ಒಳಗೆ ಸುಡುತ್ತದೆ, ಬಿಸಿಲಿಗೆ ಹೊರಗೆ ಸುಡುತ್ತದೆ. ಕಜ್ಜಿ ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದು ನಾಲ್ಕಾರು ಬೇರೆ ಬೇರೆ ರೋಗ. ಒಂದು ಬಗೆಯ ನುಸಿ ಚರ್ಮದಲ್ಲಿ ಬಿಲ ತೋಡುತ್ತದೆ, ಮುಟ್ಟಿದ ಮನುಷ್ಯರಿಗೂ ತುರಿಕೆ ಹಚ್ಚುತ್ತದೆ. ಇನ್ನೊಂದು ಬಗೆ ಕೂದಲ ಬುಡದ ಆಳದಲ್ಲಿ ಕೂತಿರುತ್ತದೆ, ಯಾವ ಸೊಪ್ಪಿನ ರಸವೂ ಅಲ್ಲಿಗೆ ಇಳಿಯದು. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿಯ ಶಿಲೀಂಧ್ರವಿರಬಹುದು. ಕರುವಿನಿಂದ, ಬೆಕ್ಕಿನ ಮರಿಯಿಂದ ಅದು ಮನೆಯ ಮಕ್ಕಳ ಕೆನ್ನೆಗೆ ಬರುತ್ತದೆ. ಚರ್ಮವನ್ನು ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದು ಎಂದು ತಿಳಿಯುತ್ತದೆ, ತಿಳಿದ ಮೇಲೆ ಬಹುಪಾಲು ಗುಣವಾಗುವ ರೋಗಗಳೇ ಇವು.

ಅಂಗಡಿಯ ಬಣ್ಣದ ಡಬ್ಬಿಗಳನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಒಳಗೆ ಏನೇನಿದೆ, ಎಷ್ಟೆಷ್ಟಿದೆ, ಯಾವ ಪ್ರಾಣಿಗೆ, ಎಷ್ಟು ತೂಕಕ್ಕೆ ಎಂದು ಮುದ್ರಿಸಿದ್ದರೆ ವೈದ್ಯರಿಗೆ ತೋರಿಸಿ ಕೊಳ್ಳಬಹುದು. ಬರೀ "ನೂರಕ್ಕೆ ನೂರು ಗಿಡಮೂಲಿಕೆ" ಎಂದಿದ್ದರೆ ಆ ದುಡ್ಡಿಗೆ ಮೊಟ್ಟೆ ತನ್ನಿ.

ಮೈಮೇಲೆ ಗಂಟು, ಮೇವು ಬಿಟ್ಟ ದನ, ಹುಳ ಬಿದ್ದ ಗಾಯ ಕಂಡರೆ ಉಂಡೆ ಅರೆಯುವ ಮುಂಚೆ 1962ಕ್ಕೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾಲಯದ ಸಂಖ್ಯೆ ಅದು, ಕರೆಗೆ ದುಡ್ಡಿಲ್ಲ. ನಾಯಿ, ಬೆಕ್ಕನ್ನು ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ಒಯ್ಯುವಾಗ ಮನೆಯಲ್ಲಿ ಈಗಾಗಲೇ ಏನೇನು ತಿನ್ನಿಸಿದ್ದೀರಿ, ಏನೇನು ಹಚ್ಚಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸಂಕೋಚವಿಲ್ಲದೆ ವೈದ್ಯರ ಕೈಗೆ ಕೊಡಿ. ನಮ್ಮ ಓಣಿಯ ಆ ನಾಯಿ ಉಳಿದದ್ದು ಅದರ ಒಡೆಯರು ಬೆಳ್ಳುಳ್ಳಿಯ ಮಾತನ್ನು ಮುಚ್ಚಿಡದೆ ಹೇಳಿದ್ದರಿಂದ.